ಹಳೇ ಗಾಡಿಗೆ ಹೊಸ ಕರೆಂಟು

ಹಳೆಯ ಆಕ್ಟಿವಾದ ಎಂಜಿನ್ ಇಳಿಸುವುದು ಕೈ ಪಳಗಿದ ಮೆಕ್ಯಾನಿಕ್‌ಗೆ ದೊಡ್ಡ ಕೆಲಸವೇನಲ್ಲ. ಒಂದಷ್ಟು ವೈರು, ಆಕ್ಸಿಲರೇಟರ್ ಕೇಬಲ್ಲು, ಬ್ರೇಕ್ ಕೇಬಲ್ಲು, ಪೆಟ್ರೋಲ್ ಪೈಪು ಬಿಡಿಸಿ ನಾಲ್ಕಾರು ಬೋಲ್ಟ್ ಬಿಚ್ಚಿದರೆ ಮುಗಿಯಿತು. ಬಿಚ್ಚಿದ ಮೇಲೆ ಗೊತ್ತಾಗುತ್ತದೆ: ಎಂಜಿನ್ ಜೊತೆಗೆ ಹಿಂದಿನ ಚಕ್ರವೂ ಹೊರಟುಹೋಗಿದೆ, ಅದರ ಬ್ರೇಕೂ ಹೋಗಿದೆ, ಶಾಕ್ ಅಬ್ಸಾರ್ಬರ್‌ನ ಕೆಳತುದಿಗೆ ಆಧಾರವೇ ಇಲ್ಲ. ಗೇರಿಲ್ಲದ ನಮ್ಮ ಸ್ಕೂಟರ್‌ಗಳಲ್ಲಿ ಎಂಜಿನ್ನು ಬರೀ ಎಂಜಿನ್ನಲ್ಲ. ಹಿಂಚಕ್ರವನ್ನು ಹಿಡಿದುಕೊಂಡು, ಗುಂಡಿ ಸಿಕ್ಕಾಗ ಮೇಲೆ ಕೆಳಗೆ ಆಡುವ ತೋಳೂ ಅದೇ. ‘ಪೆಟ್ರೋಲ್ ಸ್ಕೂಟರನ್ನು ಮನೆಯಲ್ಲೇ ಎಲೆಕ್ಟ್ರಿಕ್ ಮಾಡಿ’ ಎಂದು ಮೊಬೈಲಿನಲ್ಲಿ ಓಡಾಡುವ ಹತ್ತು ನಿಮಿಷದ ವಿಡಿಯೊಗಳಲ್ಲಿ ಈ ತೋಳಿನ ಜಾಗಕ್ಕೆ ಏನನ್ನು ಬೆಸೆದರು, ಯಾರು ಬೆಸೆದರು ಎಂಬ ಭಾಗ ಸಾಮಾನ್ಯವಾಗಿ ಕಾಣುವುದಿಲ್ಲ.

ಹಾಗಾದರೆ ಇದು ಆಗದ ಕೆಲಸವೇ? ಆಗುತ್ತದೆ. ಮೋಟರ್, ಕಂಟ್ರೋಲರ್, ಬ್ಯಾಟರಿ, ಚಾರ್ಜರ್ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಚಿಕ್ಕಪುಟ್ಟ ಸಾಮಾನು ಕೈಗೆ ಬರುತ್ತದೆ, ಉಳಿದದ್ದು ಕೊರಿಯರ್‌ನಲ್ಲಿ. ಹಳ್ಳಿಯ ವೆಲ್ಡಿಂಗ್ ಅಂಗಡಿಯವರು ಮೋಟರನ್ನು ಕೂರಿಸಿಯೂ ಕೊಡುತ್ತಾರೆ, ಗಾಡಿ ಓಡುತ್ತದೆ ಕೂಡ. ತೊಂದರೆ ಶುರುವಾಗುವುದು ಓಡಿದ ಮೇಲೆ.

ಮೊದಲು ಲೆಕ್ಕ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ಹೀಗೆ ನೋಡಿದರೆ ಯೂನಿಟ್ಟಿಗೆ ಬರೀ 5 ಕಿ.ಮೀ. ಓಡುತ್ತದೆ. ಉಳಿದ ಶಕ್ತಿಯೆಲ್ಲ ಸೈಲೆನ್ಸರ್‌ನಲ್ಲಿ, ಎಂಜಿನ್ ಬಿಸಿಯಲ್ಲಿ, ಬೆಲ್ಟಿನ ಜಾರಾಟದಲ್ಲಿ ಹೋಗುತ್ತದೆ. ಅದೇ ತೂಕದ ಗಾಡಿ ಮೋಟರ್ ಮೇಲೆ ಯೂನಿಟ್ಟಿಗೆ ಸುಮಾರು 30 ಕಿ.ಮೀ. ಓಡುತ್ತದೆ. ಆರು ಪಟ್ಟಿನ ವ್ಯತ್ಯಾಸ. ಪೆಟ್ರೋಲ್ ಗಾಡಿಯನ್ನು ಬದಲಾಯಿಸುವ ಆಸೆ ಹುಟ್ಟುವುದು ಇಲ್ಲಿಂದಲೇ, ಆ ಆಸೆ ತಪ್ಪಲ್ಲ.

ಆದರೆ 5 ಲೀಟರ್ ಟ್ಯಾಂಕು ತುಂಬಿಸಿಕೊಂಡ ಸ್ಕೂಟರ್ 200 ಕಿ.ಮೀ. ದಾಟುತ್ತದೆ. ಗಾಡಿಯನ್ನು ಎಲೆಕ್ಟ್ರಿಕ್ ಮಾಡಲು ಮಾರುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರುವ 60 ವೋಲ್ಟ್, 30 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಪೂರ್ತಿ ಬರಿದು ಮಾಡದೆ ನೂರಕ್ಕೆ 80ರಷ್ಟು ಬಳಸಿದರೆ 45 ಕಿ.ಮೀ. ಆಚೀಚೆ. ಪೇಟೆಯಲ್ಲಿ ಆಫೀಸಿಗೆ ಹೋಗಿ ಬರುವವರಿಗೆ ಇದು ಧಾರಾಳ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಅದೇ ದಿನ ಮರಳುವವರಿಗೆ ಸಾಲದು.

ಇನ್ನು ಮೋಟರಿನ ಬಲ. ಗಾಡಿ, ಸವಾರ ಸೇರಿ 180 ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಹೋಗಲು 300 ವ್ಯಾಟ್ ಒಳಗೇ ಸಾಕು. 50 ಕಿ.ಮೀ. ವೇಗಕ್ಕೆ ಸುಮಾರು 1,300 ವ್ಯಾಟ್ ಬೇಕು, ಏಕೆಂದರೆ ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾದ ವ್ಯಾಟ್ ಎಂಟು ಪಟ್ಟಾಗುತ್ತದೆ. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ಬರೀ 30 ಕಿ.ಮೀ. ವೇಗಕ್ಕೆ 1,900 ವ್ಯಾಟ್ ಹತ್ತಿರ ಬೇಕು. ಹಿಂದೆ ಒಬ್ಬರು ಕುಳಿತರೆ ಇನ್ನೂ ಹೆಚ್ಚು. ಸಾವಿರ ವ್ಯಾಟಿನ ಅಗ್ಗದ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್) ಹಾಕಿಸಿಕೊಂಡು ಆಗುಂಬೆ ಘಾಟಿ ಹತ್ತಲು ಹೊರಟವರಿಗೆ ಅರ್ಧ ದಾರಿಯಲ್ಲಿ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ಮೋಟರ್ ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಒಳಗಿನ ತಾಮ್ರದ ಸುರುಳಿಯ ಲೇಪ ಕರಗಿ ಒಂದಕ್ಕೊಂದು ತಗಲುವವರೆಗೆ. ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಚೆನ್ನಾಗಿ ನಡೆದ ಕಿಟ್ಟು ಮಡಿಕೇರಿಯಲ್ಲಿ ನಡೆಯದು. ಮಾರುವವರು ‘ಟಾಪ್ ಸ್ಪೀಡ್’ ಹೇಳುತ್ತಾರೆ. ನೀವು ಏರಿನ ಮಾತು ಎತ್ತಿ.

ಸ್ಕೂಟರಿಗಿಂತ ಬೈಕು, ಬೈಕಿಗಿಂತ ಟಿವಿಎಸ್ ಎಕ್ಸ್‌ಎಲ್ ತರಹದ ಮೊಪೆಡ್ಡು ಈ ಕೆಲಸಕ್ಕೆ ಒಗ್ಗುತ್ತದೆ. ಅವುಗಳಲ್ಲಿ ಎಂಜಿನ್ ಬೇರೆ, ಹಿಂಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಬೇರೆ, ನಡುವೆ ಚೈನು. ಎಂಜಿನ್ ಇಳಿಸಿದರೂ ಗಾಡಿ ಎರಡು ಚಕ್ರದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಹಿಂದಿನ ರಿಮ್ಮಿನ ಜಾಗಕ್ಕೆ ಹಬ್ ಮೋಟರ್ ಇರುವ ರಿಮ್ಮು ಕೂರಿಸಬಹುದು.

ಆದರೆ ಅಲ್ಲೂ ಒಂದು ಸೂಕ್ಷ್ಮವಿದೆ. ಮಾಮೂಲಿ ಚಕ್ರದಲ್ಲಿ ಆಕ್ಸಲ್ ಭಾರ ಹೊರುತ್ತದೆ, ಅಷ್ಟೆ. ಹಬ್ ಮೋಟರಿನಲ್ಲಿ ಚಕ್ರ ಮುಂದಕ್ಕೆ ತಿರುಗಿದಷ್ಟೇ ಬಲದಿಂದ ಆಕ್ಸಲ್ ಹಿಂದಕ್ಕೆ ತಿರುಗಲು ಒದ್ದಾಡುತ್ತಿರುತ್ತದೆ. ಅದನ್ನು ಹಿಡಿದಿಡುವುದು ಆಕ್ಸಲ್ ತುದಿಯ ಎರಡು ಚಪ್ಪಟೆ ಮೈ ಮತ್ತು ಒಂದು ನಟ್ಟು. ಬ್ರೇಕ್ ಹಿಡಿದಾಗ ಬ್ಯಾಟರಿಗೆ ಕರೆಂಟ್ ಮರಳಿಸುವ ವ್ಯವಸ್ಥೆಯೂ ಇದ್ದರೆ ಬಲ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ. ನಟ್ಟು ನಿಧಾನವಾಗಿ ಸಡಿಲವಾಗುತ್ತದೆ. ಒಂದು ದಿನ ಆಕ್ಸಲ್ ಗರ್ರನೆ ಸುತ್ತಿ, ಒಳಗಿಂದ ಬರುವ ವೈರುಗಳನ್ನೆಲ್ಲ ಹೆಣೆದು ಕತ್ತರಿಸುತ್ತದೆ. ತುಂಡಾದ ವೈರು ಒಂದಕ್ಕೊಂದು ತಾಗಿದರೆ ಓಡುತ್ತಿರುವ ಚಕ್ರ ದಿಢೀರ್ ಬಿಗಿಯುತ್ತದೆ. ಇದಕ್ಕೆ ಮದ್ದು ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ. ಒಂದು ತುದಿ ಆಕ್ಸಲ್ಲಿನ ಚಪ್ಪಟೆ ಮೈ ಕಚ್ಚಿರುತ್ತದೆ, ಇನ್ನೊಂದು ಸ್ವಿಂಗ್ ಆರ್ಮಿಗೆ ಬೋಲ್ಟ್ ಆಗಿರುತ್ತದೆ. ತಗಲುವ ಖರ್ಚು ಕೆಲವು ನೂರು ರೂಪಾಯಿ. ಮನೆಯಲ್ಲಿ ಮಾಡಿದ ಗಾಡಿಯನ್ನು ಯಾರಾದರೂ ತಂದು ತೋರಿಸಿದರೆ ಬಾನೆಟ್ಟು, ಬಣ್ಣ ಬಿಟ್ಟು ಮೊದಲು ಈ ಪಟ್ಟಿ ಎಲ್ಲಿದೆ ಎಂದು ಕೇಳಿ.

ಈಗ ಬ್ಯಾಟರಿ. ಈ ಇಡೀ ವಿಷಯದ ಗಂಟು ಇದೇ.

ಅಗ್ಗಕ್ಕೆ ಬೇಕೆಂದವರು ಲೆಡ್ ಆಸಿಡ್ ಬ್ಯಾಟರಿಗೆ ಹೋಗುತ್ತಾರೆ. 12 ವೋಲ್ಟಿನ ಐದನ್ನು ಸಾಲಾಗಿ ಜೋಡಿಸಿದರೆ 60 ವೋಲ್ಟ್. ತೂಕ 45 ಕಿಲೋ ದಾಟುತ್ತದೆ. ಸೀಟಿನ ಕೆಳಗೆ ಅಷ್ಟು ಜಾಗವೂ ಇಲ್ಲ, ಫ್ರೇಮಿಗೆ ಅಷ್ಟು ತ್ರಾಣವೂ ಇಲ್ಲ. ಜೋರಾಗಿ ಕರೆಂಟ್ ಎಳೆದರೆ ಬರೆದಿರುವ ಸಾಮರ್ಥ್ಯದ ಅರ್ಧ ಸಿಕ್ಕರೆ ಪುಣ್ಯ. ಬೆಂಗಳೂರಿನ ರೇವಾ ಕಾರು 2001ರಲ್ಲಿ ರಸ್ತೆಗಿಳಿದದ್ದು ಲೆಡ್ ಆಸಿಡ್ ಮೇಲೆಯೇ, ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಈಗ ಅದನ್ನು ಆರಿಸಿಕೊಳ್ಳಲು ಕಾರಣವೇ ಇಲ್ಲ.

ಲಿಥಿಯಂನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಎನ್‌ಎಂಸಿ: ಹಗುರ, ಚಿಕ್ಕದು, ಹೆಚ್ಚು ಶಕ್ತಿ ಹಿಡಿಯುತ್ತದೆ, ಕೆಟ್ಟರೆ ಬೇಗ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಾಗ ಉರಿಯಲು ಬೇಕಾದ ಆಮ್ಲಜನಕವನ್ನು ಸೆಲ್ಲಿನೊಳಗಿನ ವಸ್ತುವೇ ಬಿಡುಗಡೆ ಮಾಡುವುದರಿಂದ ಕಂಬಳಿ ಹೊದಿಸಿ ಆರಿಸುವ ಮಾತಿಲ್ಲ. ಇನ್ನೊಂದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್: ಸ್ವಲ್ಪ ಭಾರ, ಸ್ವಲ್ಪ ದೊಡ್ಡದು, ಬಿಸಿಗೆ ಹೆಚ್ಚು ತಡೆಯುತ್ತದೆ, ಸಾವಿರಕ್ಕೂ ಹೆಚ್ಚು ಸಲ ಚಾರ್ಜ್ ಆಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮನೆಯ ಮುಂದೆ ಬಿಸಿಲಿಗೆ ನಿಲ್ಲುವ ಗಾಡಿಗೆ ಎಲ್‌ಎಫ್‌ಪಿ ಬಿಟ್ಟು ಬೇರೆಯದನ್ನು ನಾನಂತೂ ಹೇಳಲಾರೆ.

ಅನಾಹುತ ಹೇಗಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. 60 ವೋಲ್ಟಿನ ಲೆಡ್ ಆಸಿಡ್ ಸಾಲಿಗೆಂದು ಮಾಡಿದ ಚಾರ್ಜರ್ ಕೊನೆಯಲ್ಲಿ 73.5 ವೋಲ್ಟ್‌ವರೆಗೆ ಒತ್ತುತ್ತದೆ. 60 ವೋಲ್ಟ್ ಎಂದೇ ಮಾರುವ ಎನ್‌ಎಂಸಿ ಪ್ಯಾಕಿನಲ್ಲಿ 17 ಸೆಲ್ ಸಾಲು, ಒಂದೊಂದಕ್ಕೆ 4.2 ವೋಲ್ಟ್ ಮಿತಿ, ಒಟ್ಟು 71.4. ಎರಡಕ್ಕೂ ಮೇಲೆ ಬರೆದಿರುವುದು ‘60 ವೋಲ್ಟ್’, ಪ್ಲಗ್ಗೂ ಒಂದೇ ತರಹದ್ದು. ಹಳೆಯ ಚಾರ್ಜರ್ ಮನೆಯಲ್ಲಿದೆಯಲ್ಲ ಎಂದು ಸಿಕ್ಕಿಸಿದರೆ ಪ್ರತಿ ಸೆಲ್ಲೂ 4.3 ವೋಲ್ಟ್ ದಾಟುತ್ತದೆ. ಅದನ್ನು ತಡೆಯಲು ಇರುವುದು ಬಿಎಂಎಸ್ ಎಂಬ ಪುಟ್ಟ ಸರ್ಕ್ಯೂಟು: ಒಂದೊಂದು ಸಾಲನ್ನೂ ಅಳೆದು, ಮಿತಿ ಮೀರಿದರೆ ಕರೆಂಟ್ ಕಡಿಯುವ ಕಾವಲುಗಾರ. ಏರಿನಲ್ಲಿ ಹೆಚ್ಚು ಕರೆಂಟ್ ಎಳೆದಾಗಲೂ ಅದು ಕಡಿಯುತ್ತದೆ, ಗಾಡಿ ನಿಲ್ಲುತ್ತದೆ. ‘ಬಿಎಂಎಸ್ ಕಾಟ ಕೊಡ್ತಿದೆ ಸಾರ್, ಬೈಪಾಸ್ ಮಾಡ್ಬಿಡೋಣ’ ಎನ್ನುವ ಮೆಕ್ಯಾನಿಕ್ ಸಿಗುವುದು ಆಗಲೇ. ಬೈಪಾಸ್ ಆದ ದಿನದಿಂದ ಆ ಗಾಡಿಯನ್ನು ಮನೆಯೊಳಗೆ ತರಬಾರದು.

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಗುಜರಿಯಿಂದ ತಂದು, ಸೆಲ್ ಬಿಡಿಸಿ, ಬೆಸುಗೆ ಕಡ್ಡಿಯಲ್ಲಿ ಜೋಡಿಸುವವರೂ ಇದ್ದಾರೆ. ಸೆಲ್ಲಿನ ತಲೆಗೆ ಅಷ್ಟು ಬಿಸಿ ತಗಲಬಾರದೆಂದೇ ಕಾರ್ಖಾನೆಗಳಲ್ಲಿ ನಿಕ್ಕಲ್ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಸ್ಪಾಟ್ ವೆಲ್ಡ್ ಮಾಡುವುದು. ಬೇರೆ ಬೇರೆ ವಯಸ್ಸಿನ ಸೆಲ್‌ಗಳು ಒಂದೇ ಸಾಲಿನಲ್ಲಿದ್ದರೆ ದುರ್ಬಲವಾದದ್ದು ಮೊದಲು ತುಂಬುತ್ತದೆ, ಮೊದಲು ಬರಿದಾಗುತ್ತದೆ, ಮೊದಲು ಸಾಯುತ್ತದೆ. ಟಾರ್ಚಿಗೆ ಈ ಪ್ರಯೋಗ ಮಾಡಿ, ಮನುಷ್ಯ ಕೂರುವ ಸೀಟಿನ ಕೆಳಗೆ ಬೇಡ.

2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಹೊತ್ತಿಕೊಂಡು, ಹೊಗೆಯಲ್ಲಿ ಉಸಿರುಗಟ್ಟಿ ತಂದೆ ಮಗಳು ತೀರಿಕೊಂಡರು. ಅದು ಮನೆಯಲ್ಲಿ ಮಾರ್ಪಡಿಸಿದ ಗಾಡಿಯಲ್ಲ, ಕಂಪನಿಯದು. ಆ ವರ್ಷದ ಸರಣಿ ಬೆಂಕಿಗಳ ನಂತರವೇ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಕೇಂದ್ರ ಬಿಗಿಗೊಳಿಸಿದ್ದು. ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ ಬಂದದ್ದೇ ಹೀಗೆ ಉರಿದಿರುವಾಗ ಶೆಡ್ಡಿನಲ್ಲಿ ಕಟ್ಟಿದ ಪ್ಯಾಕಿನ ಭರವಸೆ ಎಷ್ಟು? ಮೋಟರನ್ನು ನೀವೇ ಕೂರಿಸಿ, ವೈರಿಂಗ್ ನೀವೇ ಮಾಡಿ. ಬ್ಯಾಟರಿ ಮಾತ್ರ ಪ್ರಮಾಣಪತ್ರ ಇರುವ ಸಿದ್ಧ ಪ್ಯಾಕನ್ನೇ, ಅದರದೇ ಚಾರ್ಜರ್ ಜೊತೆಗೆ ಕೊಳ್ಳಿ. ಮನೆಯಿಂದ ಹೊರಬರಲು ಇರುವ ಒಂದೇ ಬಾಗಿಲಿನ ಪಕ್ಕ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಬೇಡಿ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಪ್ಲಗ್ ಸಿಕ್ಕಿಸಬೇಡಿ, ಆರಲಿ.

ವೈರಿಂಗಿನಲ್ಲಿ ಒಂದೆರಡು ಮಾತು ಸಾಕು. ಮನೆಯ ಬೋರ್ಡಿನ ಎಂಸಿಬಿಯನ್ನು ತಂದು ಬ್ಯಾಟರಿಗೆ ಹಾಕುವುದು ವಾಡಿಕೆ. ಅದು ಎಸಿ ಕರೆಂಟಿಗೆ ಮಾಡಿದ್ದು. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನಾಗಿ ಆರುತ್ತದೆ, ಬ್ಯಾಟರಿ ಕೊಡುವ ಡಿಸಿಯಲ್ಲಿ ಆರದು. ಡಿಸಿಗೆಂದೇ ಇರುವ ಬ್ರೇಕರ್ ಮತ್ತು ಫ್ಯೂಸ್ ಬೇಕು. ಎರಡನೆಯದು ಆಕ್ಸಿಲರೇಟರ್. ಎಲೆಕ್ಟ್ರಿಕ್ ಆಕ್ಸಿಲರೇಟರ್‌ನಲ್ಲಿ ಮೂರು ವೈರು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಗ್ರೌಂಡ್ ವೈರೊಂದು ತುಂಡಾದರೆ ಸಿಗ್ನಲ್ ಮೇಲಕ್ಕೆ ಜಿಗಿಯುತ್ತದೆ, ಕಂಟ್ರೋಲರ್‌ಗೆ ನೀವು ಪೂರ್ತಿ ತಿರುಚಿದಂತೆ ಕಾಣುತ್ತದೆ. ಒಳ್ಳೆಯ ಕಂಟ್ರೋಲರ್ ಇದನ್ನು ಗುರುತಿಸಿ ಮೋಟರ್ ನಿಲ್ಲಿಸುತ್ತದೆ, ಅಗ್ಗದ್ದು ಗಾಡಿಯನ್ನು ಎದುರಿನ ಗೋಡೆಗೆ ಕೊಂಡೊಯ್ಯುತ್ತದೆ. ಬ್ರೇಕ್ ಲಿವರ್ ಮುಟ್ಟಿದರೆ ಮೋಟರ್ ಕಡಿಯುವ ಸ್ವಿಚ್ಚು ಅದಕ್ಕಾಗಿ ಇರಲೇಬೇಕು.

ಕಾನೂನಿನ ಕಡೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಎಲೆಕ್ಟ್ರಿಕ್ ಕಿಟ್ ಅಳವಡಿಕೆಗೆ ಕೇಂದ್ರದ ನಿಯಮಗಳಲ್ಲಿ 2016ರಿಂದಲೇ ಜಾಗವಿದೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯಿಂದ ಕಿಟ್ಟಿಗೆ ಒಪ್ಪಿಗೆ ಸಿಕ್ಕಿರಬೇಕು, ತಯಾರಕರು ಅಧಿಕಾರ ಕೊಟ್ಟವರೇ ಕೂರಿಸಬೇಕು, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಅದನ್ನು ಸೇರಿಸಬೇಕು, ಹಸಿರು ನಂಬರ್ ಪ್ಲೇಟ್ ಬರಬೇಕು, ವಿಮಾ ಸಂಸ್ಥೆಗೂ ತಿಳಿಸಬೇಕು. ಮನೆಯಲ್ಲಿ ನೀವೇ ಬೆಸೆದು ಕೂರಿಸಿದ ಮೋಟರಿಗೆ ಈ ದಾರಿಯಲ್ಲಿ ಪ್ರವೇಶವಿಲ್ಲ. ಆರ್‌ಸಿಯಲ್ಲಿ ಪೆಟ್ರೋಲ್, ಗಾಡಿಯಲ್ಲಿ ಬ್ಯಾಟರಿ ಇದ್ದು ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ಅದಕ್ಕಿಂತ ದೊಡ್ಡ ನೆಪ ಬೇಕಿಲ್ಲ.

ಈ ನಿಯಮ ಕಠಿಣವೇ? ತೋಳಿನ ಕತೆ, ಆಕ್ಸಲ್ಲಿನ ಕತೆ ಬಲ್ಲವರಿಗೆ ಕಠಿಣ ಎನಿಸದು. ನನಗಿರುವ ತಕರಾರು ಬೇರೆ. ಪರೀಕ್ಷೆಯ ಖರ್ಚು, ಓಡಾಟ ದೊಡ್ಡ ಬಂಡವಾಳ ಇರುವವರಿಗೆ ಮಾತ್ರ ನಿಭಾಯಿಸಲು ಸಾಧ್ಯ, ಹೀಗಾಗಿ ಹೆಚ್ಚು ಮಾರಾಟವಾದ ಮಾದರಿಗಳಿಗಷ್ಟೇ ಕಿಟ್ ಬರುತ್ತದೆ. ಥಾಣೆಯ ಗೋಗೋಎ1 ಸಂಸ್ಥೆ 2021ರಲ್ಲಿ ಹೀರೊ ಸ್ಪ್ಲೆಂಡರ್‌ಗೆ ಕಿಟ್ ತಂದಾಗ ಕಿಟ್ಟಿನ ಬೆಲೆ 35,000 ರೂಪಾಯಿ; ಬ್ಯಾಟರಿ, ತೆರಿಗೆ ಸೇರಿದರೆ 95,000 ಹತ್ತಿರ ಎಂದು ವರದಿಯಾಗಿತ್ತು. 2024ರ ಫೆಬ್ರುವರಿಯಲ್ಲಿ ಇ-ಲೂನಾ ಎಂಬ ಎಲೆಕ್ಟ್ರಿಕ್ ಮೊಪೆಡ್ಡು ಹೊಸ ಗಾಡಿಯಾಗಿಯೇ ಬಂತು, ಆರಂಭಿಕ ಬೆಲೆ 69,990. ಹದಿನೈದು ವರ್ಷದ ಫ್ರೇಮಿಗೆ 95,000 ಸುರಿಯುವುದೋ, 70,000ಕ್ಕೆ ಹೊಸ ಫ್ರೇಮು, ಹೊಸ ಬ್ರೇಕು, ಗ್ಯಾರಂಟಿ ಎಲ್ಲ ಪಡೆಯುವುದೋ? ಹಳೆಯ ಗಾಡಿಯ ಮೇಲಿನ ಮಮತೆಗೆ ಬೆಲೆ ಕಟ್ಟಲಾಗದು ಎನ್ನುವವರನ್ನು ಬಿಟ್ಟರೆ ಉತ್ತರ ಸ್ಪಷ್ಟ.

ಉಳಿತಾಯವನ್ನೂ ನೋಡಿಬಿಡೋಣ. ದಿನಕ್ಕೆ 20 ಕಿ.ಮೀ.ನಂತೆ ವರ್ಷಕ್ಕೆ 6,000 ಕಿ.ಮೀ. ಓಡಿಸಿದರೆ ಪೆಟ್ರೋಲ್ 133 ಲೀಟರ್, ಲೀಟರಿಗೆ 100 ರೂಪಾಯಿ ಎಂದರೂ 13,300. ಕರೆಂಟು, ಚಾರ್ಜರಿನ ನಷ್ಟವನ್ನೂ ಹಿಡಿದರೆ 235 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 1,400. ವರ್ಷಕ್ಕೆ 12,000 ಉಳಿಯಿತು. ನಿಮ್ಮ ಖರ್ಚು 60,000 ಆಗಿದ್ದರೆ ಐದು ವರ್ಷ. ಅಷ್ಟರಲ್ಲಿ ಗಾಡಿಯ ಆರ್‌ಸಿ ಅವಧಿ ಮುಗಿಯುತ್ತದೋ ಎಂದು ನೋಡಿಕೊಳ್ಳಿ. ದಿನಕ್ಕೆ 80 ಕಿ.ಮೀ. ಓಡುವ ಡೆಲಿವರಿ ಹುಡುಗರ ಲೆಕ್ಕ ಬೇರೆ, ಅವರಿಗೆ ಎರಡು ವರ್ಷದೊಳಗೇ ಗಿಟ್ಟುತ್ತದೆ, ಆದರೆ 1.8 ಯೂನಿಟ್ಟಿನ ಬ್ಯಾಟರಿ ಅವರಿಗೆ ಮಧ್ಯಾಹ್ನಕ್ಕೇ ಬರಿದು.

ಗೃಹಜ್ಯೋತಿ ಇದೆಯಲ್ಲ, ಕರೆಂಟು ಪುಕ್ಕಟೆ ಎಂದುಕೊಂಡವರು ಸ್ವಲ್ಪ ತಾಳಿ. ಯೋಜನೆಯಲ್ಲಿ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಉಚಿತ. ಸ್ಕೂಟರ್ ತಿನ್ನುವ 20 ಯೂನಿಟ್‌ನಲ್ಲಿ 14ಕ್ಕೆ ಬಿಲ್ ಬರುತ್ತದೆ. ಈಗಾಗಲೇ 190ರ ಆಸುಪಾಸಿನಲ್ಲಿರುವ ಮನೆ ಸ್ಕೂಟರಿನಿಂದಾಗಿ 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಮಾರ್ಪಾಡಿನಿಂದ ಒಂದು ಊರೇ ಬದಲಾದ ಉದಾಹರಣೆಯೂ ಇದೆ, ನೇಪಾಳದ ಕಠ್ಮಂಡು. ಅಲ್ಲಿ 1993ರಲ್ಲಿ ಅಮೆರಿಕದ ನೆರವಿನಿಂದ, ಹೊಗೆ ಉಗುಳುವ ಡೀಸೆಲ್ ಮೂರು ಚಕ್ರದ ಟೆಂಪೊಗಳಿಗೆ ಮೋಟರ್, ಬ್ಯಾಟರಿ ಹಾಕುವ ಪ್ರಯೋಗ ಶುರುವಾಯಿತು. ‘ಸಫಾ ಟೆಂಪೊ’ ಎಂದು ಹೆಸರಾಯಿತು. 1999ರಲ್ಲಿ ಸರ್ಕಾರ ಕಣಿವೆಯಿಂದ ಡೀಸೆಲ್ ಟೆಂಪೊಗಳನ್ನೇ ಹೊರಹಾಕಿದ ಮೇಲೆ ಇವು ನೂರಾರು ಸಂಖ್ಯೆಯಲ್ಲಿ ಓಡಿದವು, ಓಡಿಸುವವರಲ್ಲಿ ಹೆಂಗಸರು ಬಹಳ. ಬ್ಯಾಟರಿ ಅದೇ ಭಾರದ ಲೆಡ್ ಆಸಿಡ್. ಗೆದ್ದದ್ದು ತಂತ್ರದಿಂದಲ್ಲ, ಬರಿದಾದ ಬ್ಯಾಟರಿ ಇಳಿಸಿ ತುಂಬಿದ್ದನ್ನು ಏರಿಸುವ ಚಾರ್ಜಿಂಗ್ ಠಾಣೆಗಳು, ತರಬೇತಾದ ವರ್ಕ್‌ಶಾಪುಗಳು, ಬೆನ್ನಿಗೆ ನಿಂತ ಕಾನೂನು ಮೂರೂ ಒಟ್ಟಿಗೆ ಸೇರಿದ್ದರಿಂದ. ನಮ್ಮ ರಾಜ್ಯ 2017ರಲ್ಲೇ, ದೇಶಕ್ಕೆ ಮೊದಲು, ಎಲೆಕ್ಟ್ರಿಕ್ ವಾಹನ ನೀತಿ ತಂದಿತು. ಜಿಲ್ಲೆಗೊಂದು ಐಟಿಐ ಅಥವಾ ಪಾಲಿಟೆಕ್ನಿಕ್ಕಿಗೆ ಒಪ್ಪಿಗೆ ಪಡೆದ ಕಿಟ್ ಕೂರಿಸುವ, ತಪಾಸಣೆ ಮಾಡುವ ಅಧಿಕಾರ ಕೊಡಿಸಲು ಸಾರಿಗೆ ಇಲಾಖೆ ಮುಂದಾದರೆ ಹುಡುಗರಿಗೆ ಕೈಕಸುಬೂ ಆಗುತ್ತದೆ, ಶೆಡ್ಡಿನ ಬೆಸುಗೆಯೂ ನಿಲ್ಲುತ್ತದೆ.

ಅಷ್ಟಾಗಿಯೂ ಕೈ ತುರಿಸುತ್ತಿದೆ, ಏನಾದರೂ ಮಾಡಿ ನೋಡಲೇಬೇಕು ಎನ್ನುವವರಿಗೆ ಎರಡು ಜಾಗಗಳಿವೆ. ಒಂದು ಸೈಕಲ್. 250 ವ್ಯಾಟ್ ಒಳಗಿನ ಮೋಟರ್, 25 ಕಿ.ಮೀ. ಒಳಗಿನ ವೇಗ, ಬ್ಯಾಟರಿ ಬಿಟ್ಟು 60 ಕಿಲೋ ಒಳಗಿನ ತೂಕ, ಇಷ್ಟರೊಳಗಿದ್ದರೆ ನೋಂದಣಿಯ ಗೊಡವೆಯಿಲ್ಲ. ಟಾರ್ಕ್ ಆರ್ಮ್, ಬಿಎಂಎಸ್, ಬ್ರೇಕ್ ಸ್ವಿಚ್ ಎಲ್ಲವನ್ನೂ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ, ಬಿದ್ದರೂ ಮೊಣಕಾಲು ತರಚುತ್ತದೆ, ಅಷ್ಟೆ. ಇನ್ನೊಂದು ತೋಟ. ಬೇಲಿಯೊಳಗಿನ ಬಳಕೆಗೆಂದೇ ಮಾಡಿದ ಗಾಡಿ ಕಾಯ್ದೆಯ ‘ಮೋಟಾರು ವಾಹನ’ದ ವ್ಯಾಪ್ತಿಯಿಂದ ಹೊರಗೆ. ಅಡಿಕೆ ಗೊನೆ, ಗೊಬ್ಬರ ಸಾಗಿಸಲು ಮಲೆನಾಡಿನ ರೈತರು ಹಳೆಯ ಸಾಮಾನಿನಿಂದ ಎಷ್ಟೋ ಬಗೆಯ ಕೈಗಾಡಿ ಮಾಡಿಕೊಂಡಿದ್ದಾರೆ. ವೇಗ ಬೇಡದ, ದೂರ ಹೋಗದ, ಸಂಜೆ ಮನೆಗೇ ಮರಳುವ ಅಂಥ ಗಾಡಿಗೆ ಬ್ಯಾಟರಿ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಮೋಟರಿಗೆ ವೈರು ಹೋಗುವ ತೂತಿನಲ್ಲಿ ನೀರು ಇಳಿಯದಂತೆ, ವೈರನ್ನು ಕೆಳಕ್ಕೆ ಬಾಗಿಸಿ ಮೇಲೆತ್ತಿ ಸಿಕ್ಕಿಸಿದರೆ ಸಾಕು.

ರಸ್ತೆಯ ಗಾಡಿಗೇ ಬೇಕೆಂದರೆ ಒಪ್ಪಿಗೆ ಪಡೆದ ಕಿಟ್ಟಿಗೆ ಹೋಗಿ. ಅಂಗಡಿಯವರು ತೋರಿಸುವ ಒಪ್ಪಿಗೆ ಪತ್ರದಲ್ಲಿ ನಿಮ್ಮ ಗಾಡಿಯ ಮಾದರಿಯ ಹೆಸರು ಇದೆಯೇ ಎಂದು ಓದಿ ನೋಡಿ. ಆರ್‌ಸಿಯ ಇಂಧನದ ಕಾಲಂನಲ್ಲಿ ಪೆಟ್ರೋಲ್ ಎಂಬುದು ಎಲೆಕ್ಟ್ರಿಕ್ ಎಂದು ಬದಲಾಗಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.